ನೂರು ಎಂಬಿ ಅಂದ್ರೆ ಯಾವ ನೂರು ಸ್ವಾಮಿ?

ತಂಗಿಯ ಮದುವೆ ವಿಡಿಯೊ ಕೊನೆಗೂ ಬಂತು. ಒಟ್ಟು 48 ಜಿಬಿ. ನಾಲ್ಕು ನಾಲ್ಕು ಜಿಬಿಯ ಹನ್ನೆರಡು ಫೈಲು. "ಲಿಂಕ್ ಏಳು ದಿನ ಮಾತ್ರ ಇರುತ್ತೆ ಸಾರ್, ಬೇಗ ಇಳಿಸ್ಕೊಳ್ಳಿ" ಅಂತ ವಿಡಿಯೊದವನು ಎರಡು ಸಲ ಹೇಳಿದ್ದ. ನಾನು ಕೂತಿದ್ದು ಏಳನೇ ದಿನ ರಾತ್ರಿ ಹನ್ನೊಂದು ಇಪ್ಪತ್ತಕ್ಕೆ. ಬೈಯಬೇಡಿ, ಅದಕ್ಕೂ ಒಂದು ಲೆಕ್ಕ ಇತ್ತು. ಮನೆಯಲ್ಲಿರುವುದು ನೂರು ಎಂಬಿಪಿಎಸ್ ಪ್ಲಾನು. ಅಂದರೆ ಸೆಕೆಂಡಿಗೆ ನೂರು ಎಂಬಿ. 48,000 ಎಂಬಿಯನ್ನು ನೂರರಿಂದ ಭಾಗಿಸಿದರೆ 480 ಸೆಕೆಂಡು. ಎಂಟೇ ನಿಮಿಷ. ಹನ್ನೊಂದೂವರೆಗೆ ಮಲಗಬಹುದು ಅಂದುಕೊಂಡೆ.

ಮೊದಲ ಫೈಲಿಗೇ ಆರು ನಿಮಿಷ ಹೋಯಿತು. ಬ್ರೌಸರಿನ ಮೂಲೆಯಲ್ಲಿ ಸೆಕೆಂಡಿಗೆ 11.4 ಎಂಬಿ ಅಂತ ತೋರಿಸುತ್ತಿದೆ. ನೂರೆಲ್ಲಿ, ಹನ್ನೊಂದೆಲ್ಲಿ? ಕಸ್ಟಮರ್ ಕೇರಿಗೆ ಫೋನು ಹಚ್ಚಿದೆ. ಎತ್ತಿದ ಹುಡುಗ ಪಾಪ ತುಂಬಾ ಮರ್ಯಾದೆಯಿಂದ ಮಾತಾಡಿದ. "ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್." ಮಾಡಿದೆ. ಮುಕ್ಕಾಲು ಇಳಿದಿದ್ದ ಮೂರನೇ ಫೈಲು ಢಮಾರ್, ಮತ್ತೆ ಸೊನ್ನೆಯಿಂದ ಶುರು. "ಈಗ ಸ್ಪೀಡ್ ಟೆಸ್ಟ್ ಮಾಡಿ ಸಾರ್." ಮಾಡಿದೆ. 94 ಬಂತು.

"94 ಇದೆ ಅಲ್ವಾ ಸಾರ್? ಲೈನ್ ಚೆನ್ನಾಗಿದೆ."

"ಮತ್ತೆ ಇಲ್ಲಿ ಹನ್ನೊಂದು ತೋರಿಸ್ತಿದೆಯಲ್ಲಪ್ಪಾ?"

"ಅದು ಆ ವೆಬ್‌ಸೈಟ್ ಪ್ರಾಬ್ಲಮ್ ಸಾರ್."

ಅಲ್ಲ ಮಾರಾಯ. ವೆಬ್‌ಸೈಟಿನದೂ ಅಲ್ಲ, ಲೈನಿನದೂ ಅಲ್ಲ. ಕಂಪನಿ ಮಾರುವುದು ಬಿಟ್ಟಿನಲ್ಲಿ, ನನ್ನ ಕಂಪ್ಯೂಟರು ಎಣಿಸುವುದು ಬೈಟಿನಲ್ಲಿ. ಬಿಟ್ ಅಂದರೆ ಡೇಟಾದ ಅತಿ ಸಣ್ಣ ಚೂರು, ಎಂಟು ಬಿಟ್ ಸೇರಿದರೆ ಒಂದು ಬೈಟ್. ಎಂಬಿಪಿಎಸ್‌ನಲ್ಲಿರುವುದು ಮೆಗಾಬಿಟ್, ಫೈಲಿನ ಎಂಬಿ ಅಂದರೆ ಮೆಗಾಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಅದರಲ್ಲೂ ಎಲ್ಲಿಗೆ ಹೋಗಬೇಕು, ಎಷ್ಟನೇ ತುಂಡು ಅಂತ ತುಂಡು ತುಂಡಾಗಿ ಬರುವ ಫೈಲಿನ ಪ್ರತಿ ಪ್ಯಾಕೆಟ್ಟಿನ ತಲೆಗೆ ಅಂಟಿಸುವ ಚೀಟಿಗಳಿಗೆ ಸ್ವಲ್ಪ ಹೋಗುತ್ತದೆ. ಉಳಿಯುವುದು ಹನ್ನೊಂದು ಚಿಲ್ಲರೆ. ಇದನ್ನು ನಾನು ಕಲಿತದ್ದು ರಾತ್ರಿ ಹನ್ನೆರಡು ದಾಟಿದ ಮೇಲೆ. ಆ ಹುಡುಗನಿಗೆ ಇವತ್ತಿಗೂ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ನಮ್ಮಜ್ಜಿ ಅಕ್ಕಿ ಅಳೆಯುತ್ತಿದ್ದದ್ದು ಸೇರು, ಪಾವು, ಅರೆಪಾವಿನಲ್ಲಿ. ಎಂಟು ಅರೆಪಾವು ಸೇರಿದರೆ ಒಂದು ಸೇರು. ಥೇಟ್ ಬಿಟ್ಟು-ಬೈಟಿನ ಲೆಕ್ಕವೇ. ಈಗ ಒಬ್ಬ ಅಂಗಡಿಯವನು "ನೂರು, ನೂರು" ಅಂತ ಬೋರ್ಡು ಹಾಕಿ, ಚೀಲ ಹಿಡಿದು ನಿಂತರೆ ಅರೆಪಾವಿನಲ್ಲಿ ನೂರು ಸುರಿದನು ಅಂದುಕೊಳ್ಳಿ. ಅವನು ಸುಳ್ಳು ಹೇಳಲಿಲ್ಲ, ನಿಜ. ಆದರೆ ಅಜ್ಜಿ ಆ ಅರೆಪಾವಿನಲ್ಲೇ ಅವನ ತಲೆಗೆ ಕುಟ್ಟುತ್ತಿದ್ದಳು. ಸಂತೆಯ ತಕ್ಕಡಿಗಾದರೂ ತೂಕ-ಅಳತೆಯವರು ಸೀಲು ಹಾಕುತ್ತಾರೆ. ಇಲ್ಲಿ ಸರ್ಕಾರವೂ ಬಿಟ್ಟಿನಲ್ಲೇ ಮಾತಾಡುತ್ತದೆ. 2004ರಲ್ಲಿ 256 ಕೆಬಿಪಿಎಸ್ (ಸೆಕೆಂಡಿಗೆ 256 ಸಾವಿರ ಬಿಟ್) ಇದ್ದರೆ ಅದು ಬ್ರಾಡ್‌ಬ್ಯಾಂಡ್. 2023ರಿಂದ ಕನಿಷ್ಠ 2 ಎಂಬಿಪಿಎಸ್ ಇರಬೇಕು. ಎರಡು ಅಂದರೆ ಎಷ್ಟು? ಸೆಕೆಂಡಿಗೆ ಕಾಲು ಎಂಬಿ!

"ಸರಿಯಾಗಿ ಓದಬೇಕಿತ್ತು, ಸಣ್ಣ ಬಿ ಇದ್ದರೆ ಬಿಟ್, ದೊಡ್ಡ ಬಿ ಇದ್ದರೆ ಬೈಟ್" ಅಂತ ಭಾವಮೈದ ಬುದ್ಧಿ ಹೇಳಿದ. ಇಂಗ್ಲಿಷಿನಲ್ಲಿ ಸರಿಯಪ್ಪ. ನಮ್ಮ ಬೀದಿಯ ಕಂಬಕ್ಕೆ ಕಟ್ಟಿರುವ ಬ್ಯಾನರಿನಲ್ಲಿ ಇರುವುದು ಅಚ್ಚಕನ್ನಡದಲ್ಲಿ, "100 ಎಂಬಿಪಿಎಸ್". ಕನ್ನಡದಲ್ಲಿ ಸಣ್ಣ ಬಿ ಯಾವುದು, ದೊಡ್ಡ ಬಿ ಯಾವುದು? ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ. ಎಂಬಿ ಅಂದರೆ ಎಂಬಿ, ಅಷ್ಟೇ. ಎಷ್ಟು ಕಣ್ಣು ಕಿರಿದು ಮಾಡಿ ಓದಿದರೂ, ಭೂತಗನ್ನಡಿ ಹಿಡಿದರೂ ಗೊತ್ತಾಗುವುದಿಲ್ಲ. ಬಾಯಲ್ಲಿ ಹೇಳುವಾಗಲಂತೂ "ನೂರು ಎಂಬಿ ಸ್ಪೀಡು" ಅಂತ ಮುಗಿಸುತ್ತಾರೆ. "ಮೆಗಾಬಿಟ್" ಅಂತ ನಾಲ್ಕಕ್ಷರ ಪೂರ್ತಿ ಬರೆದರೆ ಬ್ಯಾನರು ಹರಿದುಹೋಗುತ್ತಿತ್ತಾ?

ಮೈ ಉರಿಯುವುದು ಇನ್ನೊಂದಕ್ಕೆ. ಮೊಬೈಲ್ ಪ್ಲಾನು ನೋಡಿ. ದಿನಕ್ಕೆ 2 ಜಿಬಿ, ಮುಗಿದ ಮೇಲೆ 64 ಕೆಬಿಪಿಎಸ್. ಮೊದಲನೆಯದು ಬೈಟು, ಎರಡನೆಯದು ಬಿಟ್ಟು. ಒಂದೇ ಸಾಲಿನಲ್ಲಿ! 64 ಅಂದರೆ ಸೆಕೆಂಡಿಗೆ ಎಂಟು ಕೆಬಿ. ಎರಡು ಎಂಬಿಯ ಒಂದು ಫೋಟೊ ಬರಲು ನಾಲ್ಕು ನಿಮಿಷಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಕಾಫಿ ಕಾಸಿ, ಕುಡಿದು, ಲೋಟ ತೊಳೆದಿಡಬಹುದು.

ತಂತಿಯಲ್ಲಿ ಹರಿಯುವುದೇ ಬಿಟ್ಟು, ಹಳೇ ಮೋಡೆಮ್ ಕಾಲದಿಂದಲೂ ಹೀಗೇ ಅಳೆಯುತ್ತಾರೆ ಅಂತ ಇಂಜಿನಿಯರುಗಳು ಹೇಳುತ್ತಾರೆ. ಒಪ್ಪಿದೆ. 56 ಕೆಬಿಪಿಎಸ್‌ನ ಕಿರಿಕಿರಿ ಸದ್ದು ಕೇಳಿ ಬೆಳೆದವನು ನಾನೂ. ಇಂಜಿನಿಯರು ಇಂಜಿನಿಯರಿಗೆ ಬಿಟ್ಟಿನಲ್ಲಿ ಹೇಳಲಿ. ನನಗೆ ಫೈಲು ಬರುವುದು ಬೈಟಿನಲ್ಲಿ, ಕೋಟಾ ಖಾಲಿಯಾಗುವುದು ಬೈಟಿನಲ್ಲಿ. ವೇಗವೊಂದು ಮಾತ್ರ ಯಾಕೆ ಎಂಟು ಪಟ್ಟು ಉಬ್ಬಿದ ಅಂಕಿಯಲ್ಲಿ?

ಹನ್ನೆರಡು ಗಂಟೆಗೆ ಆರನೇ ಫೈಲು ಇಳಿಯುತ್ತಿತ್ತು. ಅದು ಹೇಗೋ ಮುಗಿಯಿತು. ಏಳನೆಯದನ್ನು ಒತ್ತಿದರೆ ಲಿಂಕಿನ ಅವಧಿ ಮುಗಿದಿದೆ ಅಂತ ಬಂತು. ವರಪೂಜೆ ಇದೆ, ಕಾಶಿಯಾತ್ರೆ ಇದೆ, ಸೋದರಮಾವ ಮೂರನೇ ಸಲ ಪಾಯಸ ಹಾಕಿಸಿಕೊಳ್ಳುವುದೂ ಸ್ಪಷ್ಟವಾಗಿ ಇದೆ. ಧಾರೆ, ತಾಳಿ ಎರಡೂ ಏಳನೆಯದರಲ್ಲಿದ್ದವಂತೆ. ತಂಗಿ ಎರಡು ದಿನ ಮಾತು ಬಿಟ್ಟಳು.

ಬೆಳಿಗ್ಗೆ ವಿಡಿಯೊದವನಿಗೆ ಫೋನ್ ಮಾಡಿ ಕೈ ಮುಗಿದೆ. "ಅಯ್ಯೋ ಬಿಡಿ ಸಾರ್, ಉಳಿದಿರೋದು 24 ಜಿಬಿ ತಾನೆ? ನಮ್ಮ ಅಪ್‌ಲೋಡ್ ಇಪ್ಪತ್ತು ಎಂಬಿ ಇದೆ. ಇಪ್ಪತ್ತು ನಿಮಿಷದಲ್ಲಿ ಹಾಕ್ತೀನಿ" ಅಂದ.

"ಯಾವ ಎಂಬಿಯಪ್ಪಾ?" ಅಂತ ಕೇಳಿದೆ.

"ಎಂಬಿ ಸಾರ್. ಎಂಬಿ" ಅಂದ.

ಮಧ್ಯಾಹ್ನ ಊಟ ಮಾಡಿಕೊಂಡೇ ನೋಡುತ್ತೇನೆ ಅಂತ ಫೋನಿಟ್ಟೆ.