ಗುಂಡಿಗೊಂದು ಬಣ್ಣದ ದೀಪ

ಕೊಡಗಿನಲ್ಲಿ ಜೀಪಿನ ಹೆಡ್‌ಲೈಟ್ ಈಗ ಹಳೇ ಕಾಲದ ವಸ್ತು. ಮುಂದೆ ಏನಿದೆ ಅಂತ ನೋಡುವ ಆಸೆ ಯಾರಿಗೂ ಉಳಿದಂತಿಲ್ಲ. ಬೆಳಕೆಲ್ಲ ಹೊಟ್ಟೆಯ ಕೆಳಗೆ ಇಳಿದಿದೆ. ಕತ್ತಲಾದ ಮೇಲೆ ಗಾಳಿಬೀಡು ಕಡೆಯ ತಿರುವಿನಲ್ಲಿ ನೇರಳೆ ಬೆಳಕೊಂದು ನೆಲಕ್ಕೆ ತಾಗದೆ ತೇಲಿಕೊಂಡು ಬಂದರೆ ಗಾಬರಿಯಾಗಬೇಡಿ. ದೆವ್ವ ಅಲ್ಲ. ಇನ್ನೂ ಅರುವತ್ತು ಕಂತು ಬಾಕಿ ಇರುವ ಥಾರ್ ಜೀಪು.

ಈ ದೀಪಕ್ಕೆ ಅಂಗಡಿಯವರು ರಾಕ್ ಲೈಟ್ ಅನ್ನುತ್ತಾರೆ. ಇದರ ತವರು ಅಮೆರಿಕ. ಅಲ್ಲಿ ಯೂಟಾ, ಕ್ಯಾಲಿಫೋರ್ನಿಯಾ ಕಡೆ ಬಂಡೆಗಳ ಮೇಲೆ ಜೀಪು ಹತ್ತಿಸುವ ಹುಚ್ಚು ಇದೆ. ರಾತ್ರಿ ಹತ್ತಿಸುವಾಗ ಒಬ್ಬ ಕೆಳಗೆ ನಿಂತು 'ಎಡಕ್ಕೆ, ಸ್ವಲ್ಪ ಬಲಕ್ಕೆ' ಅಂತ ಕೈ ಮಾಡಬೇಕು. ಚಕ್ರ ಯಾವ ಕಲ್ಲಿನ ಮೇಲೆ ಕೂತಿದೆ ಎಂದು ಅವನಿಗೆ ಕಾಣಬೇಕು. ಅದಕ್ಕೆ ಮಡ್‌ಗಾರ್ಡಿನ ಒಳಗೆ, ಚಾಸಿಯ ಬದಿಗೆ ಪುಟ್ಟ ಪುಟ್ಟ ದೀಪ. ಕೆಲಸದ ದೀಪ. ಬಿಳಿ ಇದ್ದರೆ ಸಾಕು.

ನಮ್ಮಲ್ಲಿ ಬಂಡೆ ಹತ್ತುವವರು ಎಷ್ಟು ಮಂದಿ? ಗದ್ದೆ ಕೆಸರಿನಲ್ಲಿ ಜೀಪು ಓಡಿಸಿ ಪಂದ್ಯ ಗೆಲ್ಲುವ ಗಟ್ಟಿಗರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಅವರು ಹಗಲು ಹೊತ್ತಿನಲ್ಲಿ ಓಡಿಸುತ್ತಾರೆ. ಕೆಸರು ಮೆತ್ತಿದ ಜೀಪಿನ ಅಡಿಯಲ್ಲಿ ದೀಪ ಇದ್ದರೆಷ್ಟು, ಬಿಟ್ಟರೆಷ್ಟು. ಹೊಟ್ಟೆಗೆ ದೀಪ ಕಟ್ಟಿಸಿದ ಬಹುಪಾಲು ಗಾಡಿಗಳು ಹತ್ತುವ ಅತಿ ದೊಡ್ಡ ಗುಡ್ಡ ಎಂದರೆ ರೆಸಾರ್ಟಿನ ಇಂಟರ್‌ಲಾಕ್ ಹಾಸಿದ ಏರು.

ಸುಮ್ನೆ ನಗಬೇಡಿ. ಬಂಡೆ ಇಲ್ಲದಿದ್ದರೇನು, ರಸ್ತೆ ಇದೆಯಲ್ಲ.

ಒಂದು ಮಳೆಗಾಲ ಕಳೆದ ನಮ್ಮ ಊರಿನ ರಸ್ತೆ ನೋಡಿದವರಿಗೆ ಯೂಟಾದ ಬಂಡೆ ಏನೂ ಅಲ್ಲ. ಬೀದಿದೀಪ ಇರುವ ಕಂಬದಲ್ಲಿ ಬಲ್ಬು ಇಲ್ಲ. ಬಲ್ಬು ಇರುವ ಕಂಬಕ್ಕೆ ಕರೆಂಟಿಲ್ಲ. ಕರೆಂಟೂ ಬಲ್ಬೂ ಇರುವ ಕಂಬ ಹಗಲಿಡೀ ಉರಿದು ಸುಸ್ತಾಗಿ ರಾತ್ರಿ ಮಲಗುತ್ತದೆ. ಇಂಥ ಕಡೆ ಪ್ರತಿಯೊಬ್ಬನೂ ತನ್ನ ಚಕ್ರದ ಪಕ್ಕದ ಗುಂಡಿಯನ್ನು ತನ್ನದೇ ಖರ್ಚಿನಲ್ಲಿ ಬೆಳಗಿಸಿಕೊಂಡರೆ ತಪ್ಪೇನು? ಗುಂಡಿ ಮುಚ್ಚಲು ಅಂದಾಜು ಪಟ್ಟಿ ಬೇಕು, ಟೆಂಡರ್ ಬೇಕು, ಬಿಸಿಲು ಬೇಕು. ಒದ್ದೆ ನೆಲಕ್ಕೆ ಡಾಂಬರು ಹಿಡಿಯಲ್ಲ. ಗುಂಡಿಗೆ ದೀಪ ಹಾಕಲು ಇದ್ಯಾವುದೂ ಬೇಡ. ಎಂಟು ದೀಪದ ಅಗ್ಗದ ಸೆಟ್ಟು ಹೆಚ್ಚುಕಡಿಮೆ ಒಂದು ಮೂಟೆ ಡಿಎಪಿ ಗೊಬ್ಬರದ ದುಡ್ಡಿಗೆ ಬರುತ್ತದೆ. ಅದೂ ಜನರ ಜೇಬಿನಿಂದ. ಅಭಿವೃದ್ಧಿಗೆ ಇದಕ್ಕಿಂತ ಅಗ್ಗದ ದಾರಿ ಯಾರೂ ಕಂಡುಹಿಡಿದಿಲ್ಲ.

ಈ ದೀಪ ಕಟ್ಟಿಸುವುದು ಒಂದು ವ್ರತ. ಕುಶಾಲನಗರವೋ ಗೋಣಿಕೊಪ್ಪವೋ, ಗಾಡಿ ಅಲಂಕಾರದ ಅಂಗಡಿಯ ಹುಡುಗ ಡಬ್ಬಿ ತೆರೆಯುತ್ತಾನೆ.

"ಅಣ್ಣಾ, ಇದು ಐಪಿ 67. ನೀರಲ್ಲಿ ಮುಳುಗಿಸಿದ್ರೂ ಏನೂ ಆಗಲ್ಲ."

ಮಾತು ಅರ್ಧ ನಿಜ. ಆರು ಎಂದರೆ ಧೂಳು ಒಳಗೆ ಹೋಗಲ್ಲ. ಏಳು ಎಂದರೆ ಒಂದು ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಆ ಪರೀಕ್ಷೆ ಬರೆದ ಪುಣ್ಯಾತ್ಮರು ಜುಲೈ-ಆಗಸ್ಟಿನ ಕಕ್ಕಡ ತಿಂಗಳಿನಲ್ಲಿ ಭಾಗಮಂಡಲ ನೋಡಿದವರಲ್ಲ. ನಮ್ಮಲ್ಲಿ ಮಳೆ ಅರ್ಧ ಗಂಟೆಗೆ ಗಡಿಯಾರ ನೋಡಿ ನಿಲ್ಲುವುದಿಲ್ಲ. ಇನ್ನು ಸರ್ವಿಸ್ ಸ್ಟೇಷನ್ನಿನಲ್ಲಿ ಪೈಪು ಹಿಡಿದು ರಭಸದಿಂದ ಬಿಡುವ ನೀರಿಗೆ ಬೇರೆಯೇ ಪರೀಕ್ಷೆ, ಬೇರೆಯೇ ನಂಬರು. ಅದು ಅಗ್ಗದ ಡಬ್ಬಿಯ ಮೇಲೆ ಇರುವುದಿಲ್ಲ. ಕೆಸರು ತೊಳೆಸಲು ಹೋದವರ ದೀಪವೂ ತೊಳೆದು ಹೋಗುವುದು ಅದಕ್ಕೇ.

ಕಟ್ಟಿಸಲೇಬೇಕು ಅನ್ನುವವರು ಸರಿಯಾಗಿಯಾದರೂ ಕಟ್ಟಿಸಿ. ಜೊತೆಗೆ ಬರುವ ಎರಡು ಬದಿಯ ಅಂಟು ಟೇಪನ್ನು ನಂಬಬೇಡಿ. ಮೊದಲ ಹೊಳೆ ದಾಟುವಾಗ ಅದು ಕಾವೇರಿಗೆ ಅರ್ಪಣೆ. ತೂತು ಕೊರೆದು ಬೋಲ್ಟ್ ಹಾಕಿಸಿ, ಕೊರೆದ ಜಾಗಕ್ಕೆ ಪೇಂಟ್ ಹಚ್ಚಿಸಿ, ಇಲ್ಲದಿದ್ದರೆ ನಮ್ಮ ಹವೆಗೆ ತುಕ್ಕು ಬೇಗ. ವೈರು ಸೈಲೆನ್ಸರ್ ಹತ್ತಿರ ಸುಳಿಯಬಾರದು, ಪ್ರೊಪೆಲ್ಲರ್ ಶಾಫ್ಟಿಗೆ ತಾಗಬಾರದು. ಚಕ್ರ ತಿರುಗುವ, ಮೇಲೆ ಕೆಳಗೆ ಆಡುವ ಕಡೆ ಸ್ವಲ್ಪ ಸಡಿಲ ಬಿಡಬೇಕು. ಬ್ಯಾಟರಿಯಿಂದ ಹೊರಟ ಕೂಡಲೇ ಒಂದು ಫ್ಯೂಸ್. ಅರ್ಥ್ ಕೊಡುವ ಕಡೆ ಬಣ್ಣ ಕೆರೆದು ಬರೀ ಕಬ್ಬಿಣಕ್ಕೆ ಕಟ್ಟಬೇಕು. ಇಷ್ಟನ್ನೆಲ್ಲ ಹೇಳಿದರೆ ಅಂಗಡಿಯ ಹುಡುಗ ಪಾಪ, ನಿಮ್ಮನ್ನು ಕರುಣೆಯಿಂದ ನೋಡುತ್ತಾನೆ. ಆಮೇಲೆ ಪಾರ್ಕಿಂಗ್ ಲೈಟಿನ ವೈರು ಸುಲಿದು, ಹಲ್ಲಿನಲ್ಲೇ ಕಚ್ಚಿ, ತಿರುಚಿ, ಕಪ್ಪು ಟೇಪು ಸುತ್ತುತ್ತಾನೆ. ಹತ್ತು ನಿಮಿಷದ ಕೆಲಸ. ಉಳಿದದ್ದನ್ನು ಇಲಿ ನೋಡಿಕೊಳ್ಳುತ್ತದೆ.

ಕಟ್ಟಿಯಾದ ಮೇಲೆ ಫೋನಿಗೆ ಒಂದು ಆಪ್. ಅದರಲ್ಲಿ ಬಣ್ಣದ ಚಕ್ರ. ಕೆಂಪು, ಹಸಿರು, ನೀಲಿ, ಒಂದೊಂದಕ್ಕೂ 256 ಮೆಟ್ಟಿಲು. ಗುಣಿಸಿದರೆ ಒಂದು ಕೋಟಿ ಅರುವತ್ತೇಳು ಲಕ್ಷ ಬಣ್ಣ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ತಲೆಗೆ ಮೂವತ್ತು ಬಣ್ಣ ಬಂತು. ಹುಟ್ಟಿದ ಮಗುವಿಗೂ ಇದೆ. ಬ್ಲೂಟೂತ್ ಆದದ್ದು ನಮ್ಮ ಪುಣ್ಯ. ಮೊಬೈಲ್ ನೆಟ್‌ವರ್ಕಿನಿಂದ ನಡೆಯುವ ದೀಪ ಆಗಿದ್ದರೆ ಜುಲೈ ತಿಂಗಳಲ್ಲಿ ಅದನ್ನು ಹಚ್ಚಲು ಗುಡ್ಡದ ತುದಿಗೆ ಹೋಗಿ, ಆರಿಸಲು ಮತ್ತೊಮ್ಮೆ ಹೋಗಬೇಕಿತ್ತು.

ಈ ಬಣ್ಣಗಳಲ್ಲಿ ಎಲ್ಲರಿಗೂ ಇಷ್ಟ ನೀಲಿ. ನೀಲಿ ಎಲ್‌ಇಡಿ ಮಾಡುವುದು ಅಷ್ಟು ಸುಲಭ ಇರಲಿಲ್ಲ. ಕೆಂಪು, ಹಸಿರು ಬಂದು ಎಷ್ಟೋ ವರ್ಷವಾದರೂ ನೀಲಿ ಕೈಗೆ ಸಿಕ್ಕಿರಲಿಲ್ಲ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಬಂದದ್ದರಿಂದಲೇ ಬಿಳಿ ಎಲ್‌ಇಡಿ ಬಂತು, ಕಮ್ಮಿ ಕರೆಂಟಿನಲ್ಲಿ ಬಡವರ ಮನೆಗೂ ಒಳ್ಳೆಯ ಬೆಳಕು ಸಿಗುವಂತಾಯಿತು. ಅವರ ಸಂಶೋಧನೆ ಕೊನೆಗೆ ಮಾಂದಲ್‌ಪಟ್ಟಿ ದಾರಿಯಲ್ಲಿ ಜೀಪಿನ ಡಿಫರೆನ್ಷಿಯಲ್ ಕೆಳಗೆ ಜೋತುಬಿದ್ದಿದೆ ಎಂದು ಆ ಹಿರಿಯರಿಗೆ ಯಾರೂ ಹೇಳಬೇಡಿ.

ಬಡವರ ಮನೆ ಅಂದೆ. ಸಣ್ಣ ಲೆಕ್ಕ ಒಂದಿದೆ. ಒಂದೊಂದು ದೀಪ 9 ವ್ಯಾಟ್ ಎಂದುಕೊಳ್ಳಿ. ಎಂಟು ದೀಪಕ್ಕೆ 72 ವ್ಯಾಟ್. 12 ವೋಲ್ಟಿನ ಬ್ಯಾಟರಿಯಿಂದ 6 ಆಂಪಿಯರ್. 2015ರಿಂದ ಉಜಾಲಾ ಯೋಜನೆಯಲ್ಲಿ ಕಮ್ಮಿ ಬೆಲೆಗೆ ಮನೆಮನೆಗೆ ಕೊಟ್ಟ ಬಲ್ಬು ಕೂಡ 9 ವ್ಯಾಟಿನದೇ. ಅಂದರೆ ಒಂದು ಜೀಪಿನ ಹೊಟ್ಟೆಯ ಕೆಳಗೆ ಎಂಟು ಕೋಣೆಯ ಬೆಳಕು. ಅದೇ ಜೀಪು ರಾತ್ರಿ ನಿಲ್ಲುವ ಶೆಡ್ಡಿನಿಂದ ಕೂಗಳತೆಯಲ್ಲಿ ತೋಟದ ಕಾರ್ಮಿಕರ ಲೈನ್‌ಮನೆ ಇದೆ. ಅಲ್ಲಿ ಒಂದು ಕೋಣೆ, ಒಂದು ಬಲ್ಬು. ಕಾಫಿ ಕೊಯ್ದು ಬಂದವಳು ಅದರಡಿಯಲ್ಲೇ ಅನ್ನ ಬೇಯಿಸಬೇಕು, ಮಗ ಅದರಡಿಯಲ್ಲೇ ಓದಬೇಕು. ಹುಡುಗ ಜಾಣ. ಜೀಪಿನ ಪಕ್ಕದಲ್ಲಿ ಪುಸ್ತಕ ಹಿಡಿದು ಕೂರಬಹುದಲ್ವಾ ಅಂತ ಕೇಳಿದನಂತೆ. ದೀಪ ಬಣ್ಣ ಬದಲಿಸುತ್ತಿದ್ದರೆ ಇಂಡಿಯಾ ಮ್ಯಾಪಿನಲ್ಲಿ ಸಮುದ್ರ ಯಾವುದು, ನೆಲ ಯಾವುದು ಗೊತ್ತಾಗಲ್ಲ ಅಂತ ತೋಟದ ಲೆಕ್ಕ ಬರೆಯುವ ರೈಟರ್ ಬೇಡ ಅಂದರು.

ಕಾನೂನು ಏನನ್ನುತ್ತದೆ ಅಂತ ಕೇಳುವವರು ಇನ್ನೂ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ 182ಎ ಸೇರಿತು. ಒಪ್ಪಿಗೆ ಇಲ್ಲದ ಪ್ರತಿಯೊಂದು ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎಂಟು ದೀಪ ಎಂದರೆ ಒಂದು ಬದಲಾವಣೆಯೋ ಎಂಟೋ? ಎಂಟಾದರೆ 40,000 ರೂಪಾಯಿ. ಮಡಿಕೇರಿಯ ವಕೀಲರಿಗೆ ಇದು ಎರಡು ಮಳೆಗಾಲಕ್ಕೆ ಸಾಕಾಗುವ ಪ್ರಶ್ನೆ.

ಅದೇ ತಿದ್ದುಪಡಿಯಲ್ಲಿ 198ಎ ಅಂತ ಇನ್ನೊಂದು ಸೆಕ್ಷನ್ನೂ ಇದೆ. ಅದನ್ನು ಯಾರೂ ಬಾಯಿಪಾಠ ಮಾಡಿಲ್ಲ. ನಿಗದಿಯಾದ ಗುಣಮಟ್ಟದಲ್ಲಿ ರಸ್ತೆ ಮಾಡದ, ನಿರ್ವಹಿಸದ ಪ್ರಾಧಿಕಾರ ಮತ್ತು ಗುತ್ತಿಗೆದಾರರಿಗೆ 1 ಲಕ್ಷದವರೆಗೆ ದಂಡ. ಒಂದೇ ಷರತ್ತು. ಅದರಿಂದ ಯಾರಾದರೂ ಸಾಯಬೇಕು, ಇಲ್ಲವೇ ಅಂಗವಿಕಲರಾಗಬೇಕು. ಬರೀ ಸೊಂಟ ಉಳುಕಿದರೆ ನಡೆಯಲ್ಲ. ದೀಪಕ್ಕೆ ಲೆಕ್ಕ ಒಂದೊಂದಾಗಿ, ಗುಂಡಿಗೆ ಲೆಕ್ಕ ಹೆಣ ಬಿದ್ದ ಮೇಲೆ.

ಅಧಿಕಾರದ ದೀಪದ ಕತೆಯೂ ಇದರಲ್ಲೇ ಸೇರಿದೆ. ಮಂತ್ರಿಗಳ, ದೊಡ್ಡವರ ಕಾರಿನ ನೆತ್ತಿಯ ಮೇಲಿದ್ದ ಕೆಂಪು ದೀಪವನ್ನು 2017ರ ಮೇ 1ರಿಂದ ತೆಗೆಸಿದರು. ಆಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ದೀಪ ಎಲ್ಲಿಗೂ ಹೋಗಿಲ್ಲ. ನೆತ್ತಿಯಿಂದ ಇಳಿದು ಹೊಟ್ಟೆಯಡಿ ಸೇರಿ ಪ್ರಜಾಪ್ರಭುತ್ವವಾಗಿದೆ, ಅಷ್ಟೇ. ಮೊದಲು ಒಬ್ಬರಿಗೆ ದಾರಿ ಬಿಡಬೇಕಿತ್ತು, ಈಗ ಎಲ್ಲರಿಗೂ ಬಿಡಬೇಕು.

ಇನ್ನು ರಾತ್ರಿಯ ಉಳಿದ ಸಂಚಾರಿಗಳು. ಹಲಸು ಹಣ್ಣಾಗುವ ಹೊತ್ತಿಗೆ ತೋಟದಿಂದ ರಸ್ತೆಗೆ ಇಳಿಯುವ ಆನೆಗೆ ಈ ಮೆರವಣಿಗೆ ಏನನ್ನಿಸುತ್ತದೋ. ಆನೆಯ ಕಣ್ಣಿಗೆ ನಮ್ಮಷ್ಟು ಬಣ್ಣ ಕಾಣಲ್ಲ. ಹಾಗಾಗಿ ಒಂದು ಕೋಟಿ ಅರುವತ್ತೇಳು ಲಕ್ಷದಲ್ಲಿ ಬಹುಪಾಲು ದಂಡ. ಮಳೆಗೆ ಮುಂಚೆ, ಮೇ-ಜೂನ್ ಹೊತ್ತಿಗೆ ಮರದ ತುಂಬ ಮಿಂಚುವ ಮಿಣುಕುಹುಳುಗಳ ಪಾಡು ಇನ್ನೂ ಕಷ್ಟ. ಗಂಡು ಮಿಂಚಿ ಕೇಳುತ್ತದೆ, ಹೆಣ್ಣು ಮಿಂಚಿ ಉತ್ತರ ಕೊಡುತ್ತದೆ. ಆ ಸಂಸಾರ ಶುರುವಾಗಲು ಕತ್ತಲು ಬೇಕೇ ಬೇಕು. ಮಧ್ಯೆ ಮ್ಯೂಸಿಕ್ ಮೋಡಿನಲ್ಲಿ ಹಸಿರು ಪಟಪಟ ಹೊಡೆಯುವ ಒಂದೂವರೆ ಟನ್ ತೂಕದ ಗಂಡು ಬಂದು ನಿಂತರೆ ಯಾವ ಹೆಣ್ಣು ಏನು ಉತ್ತರ ಕೊಡಬೇಕು?

ಪ್ರವಾಸಿಗರಿಗೆ ಮಾತ್ರ ಖುಷಿ. ಮಂಜಿನಲ್ಲಿ ಈ ಬೆಳಕು ಹನಿಹನಿಗೆ ಬಡಿದು ಹರಡುತ್ತದೆ. ಚಾಲಕನಿಗೆ ರಸ್ತೆ ಕಾಣಲ್ಲ, ಹಿಂದಿನವರಿಗೆ ಫೋಟೊ ಚೆನ್ನಾಗಿ ಬರುತ್ತದೆ. ಸೂರ್ಯೋದಯ ನೋಡಲು ನಸುಕಿಗೇ ಹೊರಡುವವರು ಈಗ ಜೀಪಿನ ಟೈರ್ ನೋಡಲ್ಲ, ಬ್ರೇಕ್ ಕೇಳಲ್ಲ. "ಬ್ಲೂ ಲೈಟ್ ಇರೋ ಜೀಪ್ ಇಲ್ವಾ?" ಅನ್ನುತ್ತಾರೆ. ಇಲ್ಲ ಅಂದ ಹಳೇ ಜೀಪಿನ ಅಣ್ಣನಿಗೆ ಆ ದಿನದ ಬಾಡಿಗೆ ಹೋಯಿತು. ಮಾರನೇ ವಾರ ಅವನೂ ಹೊಟ್ಟೆಗೆ ದೀಪ ಕಟ್ಟಿಸುತ್ತಾನೆ, ಬ್ರೇಕ್ ಲೈನಿಂಗಿಗೆ ಇಟ್ಟಿದ್ದ ದುಡ್ಡಿನಲ್ಲಿ. ಇಲ್ಲಿ ಮಾತ್ರ ನನಗೆ ನಗು ಬರಲ್ಲ.

ಮಡಿಕೇರಿ ದಸರಾದ ಮಂಟಪದವರಿಗೂ ಇದರಿಂದ ಬೇಸರ ಆಗಿರಬೇಕು. ಹತ್ತು ದೇವಸ್ಥಾನದವರು ತಿಂಗಳುಗಟ್ಟಲೆ ದುಡಿದು ವಿಜಯದಶಮಿಯ ಒಂದು ರಾತ್ರಿಗೆ ದೀಪದ ಮಂಟಪ ಕಟ್ಟುತ್ತಾರೆ, ತೀರ್ಪುಗಾರರು ನೋಡಿ ಬಹುಮಾನ ಕೊಡುತ್ತಾರೆ. ಜೀಪಿನವರದು ದಿನಾ ವಿಜಯದಶಮಿ, ತೀರ್ಪುಗಾರರೇ ಇಲ್ಲ.

ಇಷ್ಟೆಲ್ಲ ಆದ ಮೇಲೆ ಊರಿನ ಗ್ರಾಮಸಭೆಯಲ್ಲಿ ವಿಷಯ ಬರದೇ ಇರುತ್ತದೆಯೇ? ನಾನು ಊಹಿಸಿಕೊಂಡ ಸಭೆ ಹೀಗಿದೆ. ಮೊದಲ ಠರಾವು: ಬೀದಿದೀಪದ ಬಾಬ್ತು ಇನ್ನು ಮುಂದೆ ಬೇಡ, ಸಾರ್ವಜನಿಕರು ತಮ್ಮ ತಮ್ಮ ವಾಹನದ ಅಡಿಯಲ್ಲಿ ಸ್ವಂತ ಬೆಳಕು ತರತಕ್ಕದ್ದು.

"ನಡ್ಕೊಂಡು ಹೋಗೋರು ಏನು ಮಾಡ್ಬೇಕು ಅಧ್ಯಕ್ಷರೇ?" ಅಂತ ಹಿಂದಿನ ಬೆಂಚಿನಿಂದ ಒಬ್ಬರು ಅಜ್ಜಿ.

"ಯಾವುದಾದ್ರೂ ಜೀಪು ಬರೋವರೆಗೆ ನಿಂತಿರಿ ಅಜ್ಜೀ. ಅದರ ಹಿಂದೆನೇ ಓಡಿ."

ಎರಡನೇ ಠರಾವು ಬಣ್ಣದ್ದು. ಮೊಣಕಾಲು ಮುಳುಗುವ ಗುಂಡಿಗೆ ಕೆಂಪು, ಪಾದ ಮುಳುಗುವುದಕ್ಕೆ ಹಸಿರು. ಇಲ್ಲಿ ಗಲಾಟೆ ಶುರು. ತಮ್ಮ ವಾರ್ಡಿನಲ್ಲಿ ಕೆಂಪು ಜಾಸ್ತಿ ಕಂಡರೆ ಮುಂದಿನ ಚುನಾವಣೆಗೆ ತೊಂದರೆ ಅಂತ ಒಬ್ಬ ಸದಸ್ಯರು ಎದ್ದರು. ಈ ಗುಂಡಿಗಳೆಲ್ಲ ಹಿಂದಿನ ಅವಧಿಯವು, ಅವಕ್ಕೆ ಬೇರೆಯೇ ಬಣ್ಣ ಕೊಡಿ, ನಮ್ಮ ಅವಧಿಯ ಗುಂಡಿ ಪ್ರತ್ಯೇಕ ಕಾಣಲಿ ಎಂದರು ಇನ್ನೊಬ್ಬರು. ಮಂಡನೆ, ಅನುಮೋದನೆ, ಚಹಾ, ಬೋಂಡ. ಅಷ್ಟರಲ್ಲಿ ಎಲ್ಲೋ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದು ಕರೆಂಟು ಹೋಯಿತು.

ನಡಾವಳಿಗೆ ಸಹಿ ಹಾಕಲೇಬೇಕಿತ್ತು. ಎಲ್ಲರೂ ಛತ್ರಿ ಹಿಡಿದು ಹೊರಗೆ ಬಂದು ಸದಸ್ಯರೊಬ್ಬರ ಜೀಪಿನ ಪಕ್ಕ ಮೊಣಕಾಲೂರಿ ಕೂತರು. ಆಪ್ ಹ್ಯಾಂಗ್ ಆಗಿತ್ತು, ದೀಪ ಮ್ಯೂಸಿಕ್ ಮೋಡಿನಿಂದ ಹೊರಗೆ ಬರಲಿಲ್ಲ. ಹಾಗಾಗಿ ಪುಸ್ತಕದಲ್ಲಿ ಅಧ್ಯಕ್ಷರ ಸಹಿ ಮೂರು ಕಡೆ ಬಿದ್ದಿದೆ. ಪಿಡಿಒ ಅವರದು ಬಂಪರಿನ ಮೇಲಿದೆ.