ಬಾಯ್ತುಂಬ ತಿಂದದ್ದನ್ನು ಬಾಯಿಬಿಟ್ಟು ಹೇಳಬಾರದೇ?

ಅಮೆರಿಕದ ಲೂಸಿಯಾನಾ ರಾಜ್ಯದ ಖಾರದ ಹೊಗೆ ಸಾಸೇಜು, ಹಂದಿ ಮಾಂಸದ ಆಂಡೂಯಿಯ ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ತಕ್ಷಣ ಚಿಕ್ಕಪ್ಪನ ಮೆಸೇಜು: "ಡಿಲೀಟ್ ಮಾಡು ಮಾರಾಯ, ಗುಂಪಲ್ಲಿ ಬೀಗರೂ ಇದ್ದಾರೆ." ಸಕಲೇಶಪುರದ ಮನೆಯಲ್ಲಿ ಅಕ್ಕಿ ರೊಟ್ಟಿ, ಹಂದಿ ಸಾರು ಅಂದರೆ ಮೊದಲು ಬಂದು ಕೂರುವವರೇ ಅವರು. ಬೇಜಾರಾಯಿತು.

ನ್ಯೂ ಆರ್ಲಿಯನ್ಸ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಲಾಪ್ಲಾಸ್ ಸಿಗುತ್ತದೆ. ಮಿಸಿಸಿಪ್ಪಿ ದಂಡೆಯ ಸಣ್ಣ ಊರು. "ಜಗತ್ತಿನ ಆಂಡೂಯಿ ರಾಜಧಾನಿ" ಎಂದು ತಾನೇ ಹೇಳಿಕೊಳ್ಳುತ್ತದೆ. ಅಕ್ಟೋಬರಿನಲ್ಲಿ ಆಂಡೂಯಿ ಹೆಸರಲ್ಲೇ ಹಬ್ಬ. ಅಂಗಡಿಯವರನ್ನು ಕೇಳಿದರೆ ಹೆಸರಿನ ಕತೆಯನ್ನೂ ಖುಷಿಯಿಂದ ಹೇಳುತ್ತಾರೆ. ಅದು ಫ್ರೆಂಚರ ಪದ. ಬೇರು ಲ್ಯಾಟಿನ್ನಿನದು, ಒಳಗೆ ಸೇರಿಸು ಎಂಬ ಅರ್ಥದ್ದು. ಫ್ರಾನ್ಸಿನಲ್ಲಿ ಹಂದಿಯ ಕರುಳು, ಜಠರಗಳನ್ನೇ ಕತ್ತರಿಸಿ ಕರುಳಿಗೆ ತುಂಬುತ್ತಾರೆ. ಇಲ್ಲಿ ಹೆಸರು ಉಳಿಯಿತು, ಒಳಗಿನದು ಬದಲಾಯಿತು. ಭುಜದ ಮಾಂಸದ ದಪ್ಪ ತುಂಡು, ಬೆಳ್ಳುಳ್ಳಿ, ಕಾಳುಮೆಣಸು, ಖಾರದ ಪುಡಿ. ಆಮೇಲೆ ಪೀಕಾನ್ ಸೌದೆಯ ಹೊಗೆ, ಗಂಟೆಗಟ್ಟಲೆ. ಹೊರಗಿನ ತೊಗಲು ಕಪ್ಪಗೆ ಬಿಗಿಯುತ್ತದೆ. ಕೊಯ್ದರೆ ಒಂದೊಂದು ತುಂಡೂ ಬೇರೆ ಬೇರೆ ಕಾಣುತ್ತದೆ. 1720ರ ದಶಕದಲ್ಲಿ ಇಲ್ಲಿಗೆ ಬಂದು ನೆಲೆಸಿದ ಜರ್ಮನ್ ರೈತರ ಕೈಗುಣ ಅದು ಅಂತ ಹೇಳುವಾಗ ಊರವರ ಮುಖ ಅರಳುತ್ತದೆ.

ನಮ್ಮಲ್ಲೂ ಹೊಗೆ ಮಾಂಸ ಇತ್ತಲ್ವಾ? ಮಳೆಗಾಲ ಶುರುವಾಗುವ ಮೊದಲು ಅಜ್ಜಿ ಉಪ್ಪು, ಅರಿಶಿನ ಸವರಿ, ತಂತಿಗೆ ಪೋಣಿಸಿ ಒಲೆಯ ಮೇಲೆ ಕಟ್ಟುತ್ತಿದ್ದರು. ಜಡಿಮಳೆಯಲ್ಲಿ ಅದರ ಹುರುಕಲಿಗೆ ಸಮ ಯಾವುದೂ ಇಲ್ಲ. ಅದಕ್ಕೊಂದು ಬೋರ್ಡಿಲ್ಲ, ಹಬ್ಬವಿಲ್ಲ. ಬೀಗರ ಮುಂದೆ ಹೆಸರೂ ಎತ್ತುವ ಹಾಗಿಲ್ಲ. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಿದರೆ ಮೊದಲ ಪ್ರಶ್ನೆಯೇ "ವೆಜ್ಜಾ, ನಾನ್‌ವೆಜ್ಜಾ?" ಸುಳ್ಳು ಹೇಳಿ ಮನೆ ಹಿಡಿದ ಗೆಳೆಯರು ನನಗಿದ್ದಾರೆ. ತಪ್ಪು ಅವರದ್ದು ಅಂತ ನಾನು ಒಪ್ಪುವುದಿಲ್ಲ.

ಕೊಡವರ ಮಾತು ಬೇರೆ, ನಿಜ. ಅವರು ಮದುವೆ ಊಟಕ್ಕೇ ಪಂದಿ ಕರಿ ಬಡಿಸುತ್ತಾರೆ. ಹಾಗೆಯೇ ಲಾಪ್ಲಾಸಿನವರೂ ಪೂರ್ತಿ ಕತೆ ಹೇಳುತ್ತಾರೆ ಅಂತಲ್ಲ. ಈ ದಂಡೆಯ ಕಬ್ಬಿನ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ತಂದ ಗುಲಾಮರು. ಆಂಡೂಯಿ ಹಾಕಿ ಮಾಡುವ ಗಂಬೋ ಎಂಬ ಗಟ್ಟಿ ಸಾರಿಗೆ ಹೆಸರು ಬಂದದ್ದೂ ಬೆಂಡೆಕಾಯಿಗೆ ಆಫ್ರಿಕಾದವರು ಹೇಳುತ್ತಿದ್ದ ಪದದಿಂದಲೇ. ಫ್ರೆಂಚರು, ಜರ್ಮನರು ಅಂತ ಸಲೀಸಾಗಿ ಹೇಳುವ ಅಂಗಡಿಯಲ್ಲಿ ಆ ಗುಲಾಮರ ಮಾತು ನಾನೇ ಕೇಳಿದ ಮೇಲೆ ಬಂತು.