ಎಲೆ ಮೇಲೆ ಕೈ ಅಡ್ಡ ಇಟ್ಟವರಿಗೆ ಹೋಳಿಗೆ ನೀಡಬೇಡಿ

ಸಿಟ್ಟಲ್ಲೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಆದರೂ ಪೂರ್ತಿ ಓದಿ, ಅದರಲ್ಲೂ ಹಬ್ಬದ ದಿನ ಮನೆಗೆ ಹತ್ತು ಜನರನ್ನು ಊಟಕ್ಕೆ ಕರೆಯುವವರು ಓದಲೇಬೇಕು.

ಮೊನ್ನೆ ಯುಗಾದಿ ಊಟಕ್ಕೆ ಹರಿಹರದಲ್ಲಿ ನೆಂಟರ ಮನೆಗೆ ಹೋಗಿದ್ದೆವು. ಪಂಕ್ತಿಯಲ್ಲಿ ನನ್ನ ಪಕ್ಕ ನಮ್ಮ ಸೋದರಮಾವ ಕೂತಿದ್ದರು. ಎಪ್ಪತ್ತು ದಾಟಿದೆ, ಶುಗರ್ ಬಂದು ಎಷ್ಟೋ ವರ್ಷ ಆಯ್ತು, ತುಂಬಾ ಶಿಸ್ತಿನ ಮನುಷ್ಯ. ಒಂದು ಹೋಳಿಗೆ ಹಾಕಿಸಿಕೊಂಡರು, ಮೇಲೆ ಒಂದು ಚಮಚ ತುಪ್ಪ. ಖುಷಿಯಿಂದ ತಿಂದರು. ಎರಡನೇ ಸಲ ಹೋಳಿಗೆ ಬಂದಾಗ ಎಲೆ ಮೇಲೆ ಕೈ ಅಡ್ಡ ಇಟ್ಟು "ಸಾಕಮ್ಮ" ಅಂದರು.

"ಹಬ್ಬದ ದಿನ ಒಂದಕ್ಕೇ ಸಾಕು ಅಂದ್ರೆ ಹೆಂಗೆ ಮಾವಾರೆ, ತಗಳ್ರಿ."

"ಇಲ್ಲಮ್ಮ, ಶುಗರ್ ಐತೆ."

"ಈಗ ಯಾರಿಗಿಲ್ಲ ಹೇಳ್ರಿ ಶುಗರ್? ಒಂದು ಮಾತ್ರೆ ಜಾಸ್ತಿ ತಗಂಡ್ರಾತು."

ಅಷ್ಟು ಹೇಳಿ ಅವರ ಕೈ ಸರಿಸಿ ಹಾಕಿಯೇ ಬಿಟ್ಟರು. ಒಂದಲ್ಲ, ಎರಡು. ಮೇಲೆ ಹಾಲು, ತುಪ್ಪ. ಸುತ್ತ ಇದ್ದವರೆಲ್ಲ ನಕ್ಕರು. ಮಾವ ಏನೂ ಮಾತಾಡಲಿಲ್ಲ, ತಿಂದರು. ಎಲೆಯಲ್ಲಿ ಬಿಟ್ಟು ಏಳುವ ಜನ ಅಲ್ಲ ಅವರು.

ಮನೆಗೆ ಹೋಗಿ ರಾತ್ರಿ ನಿಜವಾಗಿಯೂ ಮಾತ್ರೆ ಎರಡು ನುಂಗಿದ್ದಾರೆ. ಹೊಟ್ಟೆ ಭಾರ ಅಂತ ರಾತ್ರಿ ಊಟ ಬಿಟ್ಟಿದ್ದಾರೆ. ನಡುರಾತ್ರಿ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಮಗ ಎದ್ದು ಮೀಟರ್ ಹಾಕಿ ನೋಡಿದರೆ ಶುಗರ್ 54ಕ್ಕೆ ಇಳಿದಿತ್ತು. ಸಕ್ಕರೆ ನೀರು ಕುಡಿಸಿ, ಮತ್ತೆ ನೋಡಿ, ಮತ್ತೆ ಕುಡಿಸಿ, ಆಮೇಲೆ ಆಸ್ಪತ್ರೆಗೂ ಕರಕೊಂಡು ಹೋಗಿ ಬಂದರು. ಈಗ ಹುಷಾರಾಗಿದ್ದಾರೆ. ಮಗ ಅದೇ ಕೋಣೆಯಲ್ಲಿ ಮಲಗಿರದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತೆ.

ಹೋಳಿಗೆ ನೀಡಿದವರು ಕೆಟ್ಟವರಲ್ಲ. ಅವರಿಗೆ ಈ ವಿಷಯ ಗೊತ್ತೂ ಇಲ್ಲ. ಆದರೆ "ಒಂದು ಮಾತ್ರೆ ಜಾಸ್ತಿ" ಎನ್ನುವ ಮಾತನ್ನು ನಾನು ಎಷ್ಟು ಮದುವೆ, ಎಷ್ಟು ಗೃಹಪ್ರವೇಶ, ಎಷ್ಟು ಜಾತ್ರೆ ಊಟದಲ್ಲಿ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಸಾಕಾಗಿದೆ. ಶುಗರ್ ಮಾತ್ರೆ ಅಂದರೆ ತಿಂದ ಸಿಹಿಯನ್ನು ಸುಟ್ಟು ಹಾಕುವ ವಸ್ತು ಅಂತ ಜನ ತಿಳಿದಿದ್ದಾರೆ. ಅದು ಹಾಗಲ್ಲ ರೀ. ಜಾಸ್ತಿ ಜನ ತಗೊಳ್ಳುವ ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ನಮ್ಮ ರಕ್ತಕ್ಕೆ ಬಿಡುವ ಸಕ್ಕರೆಯನ್ನು ಕಡಿಮೆ ಮಾಡುತ್ತೆ. ಈಗ ತಿಂದ ಹೋಳಿಗೆಯನ್ನು ಈಗಲೇ ಇಳಿಸಿಬಿಡುವ ಶಕ್ತಿ ಅದಕ್ಕಿಲ್ಲ. ಗ್ಲಿಮಿಪಿರೈಡ್ ಥರದ ಮಾತ್ರೆ ಬೇರೆ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಜಾಸ್ತಿ ಬಿಡಿಸುತ್ತೆ, ಗಂಟೆಗಟ್ಟಲೆ ಬಿಡಿಸುತ್ತಲೇ ಇರುತ್ತೆ, ಹೊಟ್ಟೆಯಲ್ಲಿ ಊಟ ಇದೆಯೋ ಖಾಲಿಯೋ ಎಂದು ನೋಡುವುದಿಲ್ಲ. ಹೋಳಿಗೆ ಮಧ್ಯಾಹ್ನವೇ ಕರಗಿ ಹೋಗಿರುತ್ತೆ, ಮಾತ್ರೆ ಮಾತ್ರ ರಾತ್ರಿ ಕೆಲಸ ಮಾಡುತ್ತಿರುತ್ತೆ. ಮಾವನಿಗೆ ಆಗಿದ್ದು ಅದೇ. ಇನ್ಸುಲಿನ್ ತಗೊಳ್ಳುವವರಲ್ಲಿ ಕೆಲವರಿಗೆ ಊಟಕ್ಕೆ ತಕ್ಕ ಹಾಗೆ ಡೋಸ್ ಬದಲಿಸುವುದನ್ನು ಡಾಕ್ಟರ್ ಕಲಿಸಿಕೊಟ್ಟಿರುತ್ತಾರೆ, ನಿಜ. ಅದು ಅವರಿಗೂ ಅವರ ಡಾಕ್ಟರ್‌ಗೂ ಸೇರಿದ ವಿಷಯ. ಹೋಳಿಗೆ ತಟ್ಟೆ ಹಿಡಿದು ನಿಂತವರು ಹೇಳುವ ಮಾತಲ್ಲ.

ನನಗೂ ಶುಗರ್ ಇದೆ, ನಿಮಗೆಲ್ಲ ಗೊತ್ತು. ನನಗೆ ಹೋಳಿಗೆ ಅಂದರೆ ಪ್ರಾಣ ಎನ್ನುವುದೂ ಗೊತ್ತು. ಹೋಳಿಗೆ ಬಿಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ನಾನೂ ಬಿಟ್ಟಿಲ್ಲ. ಯುಗಾದಿಗೆ ಹೋಳಿಗೆ, ಪಂಚಮಿಗೆ ಉಂಡೆ, ಗಣಪತಿ ಹಬ್ಬಕ್ಕೆ ಕಡುಬು, ದೀಪಾವಳಿಗೆ ಕರ್ಜಿಕಾಯಿ, ಎಲ್ಲ ತಿನ್ನುತ್ತೇನೆ. ಆದರೆ ಲೆಕ್ಕ ನನ್ನದಾಗಿರಬೇಕು. ಮೊದಲು ಕೋಸಂಬರಿ, ಪಲ್ಯ ಚೆನ್ನಾಗಿ ಹಾಕಿಸಿಕೊಂಡು ಅದನ್ನೇ ಮೊದಲು ತಿನ್ನುತ್ತೇನೆ. ಹೆಸರುಬೇಳೆ, ತರಕಾರಿ ಹೊಟ್ಟೆಗೆ ಮೊದಲು ಹೋದರೆ ಆಮೇಲೆ ತಿಂದದ್ದರಿಂದ ಶುಗರ್ ಒಮ್ಮೆಗೇ ಮೇಲೆ ಜಿಗಿಯುವುದು ಕಡಿಮೆ ಆಗುತ್ತೆ, ನನ್ನ ಮೀಟರಿನಲ್ಲೇ ನೋಡಿದ್ದೇನೆ. ಆಮೇಲೆ ಒಂದು ಹೋಳಿಗೆ. ಆ ಹೋಳಿಗೆಗೆ ಜಾಗ ಮಾಡಿಕೊಳ್ಳಲು ಚಿತ್ರಾನ್ನ ಬಿಡುತ್ತೇನೆ, ಹಪ್ಪಳ ಸಂಡಿಗೆ ಬಿಡುತ್ತೇನೆ, ಅನ್ನ ಒಂದು ಹಿಡಿ ಮಾತ್ರ, ಕಟ್ಟಿನ ಸಾರಿಗೋಸ್ಕರ. ಕಟ್ಟಿನ ಸಾರು ಬಿಡಲು ನನ್ನಿಂದ ಆಗಲ್ಲ. ಸೀಕರಣೆ ಆ ದಿನ ಬೇಡ, ಮಾವಿನ ಹಣ್ಣನ್ನು ಇನ್ನೊಂದು ದಿನ ನಾಲ್ಕು ಹೋಳು ಬೇರೆಯಾಗಿ ತಿನ್ನುತ್ತೇನೆ. ಊಟ ಆದ ಮೇಲೆ ಚಾಪೆ ಹಾಸಿ ಮಲಗುವ ಬದಲು ಒಂದು ಕಾಲು ಗಂಟೆ ನಿಧಾನ ಓಡಾಡುತ್ತೇನೆ. ಬಿಸಿಲಿದ್ದರೆ ಮನೆಯ ಪಡಸಾಲೆಯಲ್ಲೇ. ಎರಡು ಗಂಟೆ ಬಿಟ್ಟು ನೋಡಿದರೆ 180ರ ಒಳಗೆ ಇರುತ್ತೆ. ನನಗೆ ಡಾಕ್ಟರ್ ಹೇಳಿರುವುದೂ ಅಷ್ಟೇ.

ಇಷ್ಟು ಯೋಚನೆ ಮಾಡಿ ಕೂತವಳ ಎಲೆಗೆ ನೀವು ಬಂದು ಎರಡು ಹೋಳಿಗೆ ಹಾಕಿದರೆ ಆ ಲೆಕ್ಕ ಎಲ್ಲ ಹೋಯ್ತು. ಎಲೆಯಲ್ಲಿ ಬಿಡೋಣ ಅಂದರೆ ಬಿಡುವ ಹಾಗಿಲ್ಲ. ನಾವು ಪ್ರಸಾದ ಕೆಡಿಸಬಾರದು ಅಂತ ಕೇಳುತ್ತಲೇ ಬೆಳೆದವರು. ದಾಸೋಹಕ್ಕೆ ಹೋದರೆ ಬೇಕಾದಷ್ಟೇ ನೀಡಿಸಿಕೊಳ್ಳಿ, ಕೆಡಿಸಬೇಡಿ ಅಂತ ಗೋಡೆ ಮೇಲೆ ಬರೆದೇ ಇರುತ್ತೆ. ಬಿಡಬಾರದು ಎನ್ನುವ ಮಾತನ್ನು ಎಲ್ಲರೂ ಹಿಡಿದುಕೊಂಡರು. ಬೇಕಾದಷ್ಟೇ ಎನ್ನುವ ಮಾತನ್ನು ಯಾಕೆ ಕೈಬಿಟ್ಟರು? ಎಲೆಗೆ ಬಿದ್ದದ್ದನ್ನು ತಿನ್ನಲೇಬೇಕು ಎನ್ನುವ ಕಡೆ ಬೇಡ ಅಂದವರಿಗೆ ನೀಡುವುದು ಉಪಚಾರ ಹೇಗಾಗುತ್ತೆ?

ಇನ್ನೊಂದು ವಿಷಯ ಹೇಳಲೇಬೇಕು. ಹಬ್ಬದ ದಿನ "ತಿನ್ರಿ ತಿನ್ರಿ" ಅನ್ನುವವರೇ ಬೇರೆ ದಿನ ನಮ್ಮ ಕೈಯಲ್ಲಿ ಒಂದು ಬಿಸ್ಕತ್ ನೋಡಿದರೆ "ನಿಂಗೆ ಶುಗರ್ ಐತಲ್ಲ, ಅದ್ಯಾಕೆ ತಿಂತೀಯ" ಅಂತ ಎಲ್ಲರೆದುರು ಕೇಳುತ್ತಾರೆ. ಮದುವೆ ಮನೆಯಲ್ಲಿ ನಾನೇ ಕೇಳಿ ಒಂದು ಹೋಳಿಗೆ ಹಾಕಿಸಿಕೊಂಡರೆ ಎದುರು ಸಾಲಿನಿಂದ ಒಬ್ಬರು ಹುಬ್ಬು ಏರಿಸುತ್ತಾರೆ. ಎರಡಕ್ಕೂ ಕಾರಣ ಒಂದೇ. ನನ್ನ ಎಲೆಗೆ ಏನು ಬೀಳಬೇಕು ಎನ್ನುವುದನ್ನು ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ತೀರ್ಮಾನ ಮಾಡುತ್ತಾರೆ. ನನ್ನ ಕಾಯಿಲೆ, ನನ್ನ ಮೀಟರ್, ನನ್ನ ಬೆರಳಿಗೆ ಚುಚ್ಚುವ ಸೂಜಿ, ಆದರೆ ಮಾತು ಮಾತ್ರ ಊರಿನವರದ್ದು.

ಒಂದು ವಿಷಯ ಇದುವರೆಗೂ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಶುಗರ್ ಬಂದ ಮೊದಮೊದಲು ನಾನು ಎಷ್ಟೋ ಮನೆಯ ಊಟ ತಪ್ಪಿಸಿಕೊಂಡಿದ್ದೇನೆ. ಮಗಳಿಗೆ ಪರೀಕ್ಷೆ, ತಲೆನೋವು, ಬಸ್ ಸಿಗಲಿಲ್ಲ ಅಂತ ಏನೇನೋ ಹೇಳಿ. ಪಂಕ್ತಿಯಲ್ಲಿ ಕೂತು "ನನಗೆ ಶುಗರ್" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳುವುದು, ಅದನ್ನು ಕೇಳಿದವರು "ಇಷ್ಟು ಚಿಕ್ಕ ವಯಸ್ಸಿಗೇ?" ಅಂತ ಅನುಕಂಪ ತೋರಿಸುವುದು, ಆಮೇಲೆ ಮತ್ತೆ ಒತ್ತಾಯ. ಅದರ ಬದಲು ಮನೆಯಲ್ಲೇ ಒಂದು ರೊಟ್ಟಿ ತಿಂದು ಒಬ್ಬಳೇ ಇರುವುದು ವಾಸಿ ಅನ್ನಿಸುತ್ತಿತ್ತು. ಅಕ್ಕನ ಮಗಳ ಸೀಮಂತಕ್ಕೂ ಹೋಗಲಿಲ್ಲ. ಆ ನೋವು ಹಾಗೇ ಇದೆ. ಸಿಹಿ ಇಲ್ಲದೆ ಇರಬಹುದು, ನೆಂಟರಿಲ್ಲದೆ ಇರಲು ಆಗಲ್ಲ. ನೀವು ಪ್ರೀತಿ ಅಂತ ಮಾಡುವ ಒತ್ತಾಯಕ್ಕೆ ಹೆದರಿ ಜನ ನಿಮ್ಮ ಮನೆಗೆ ಬರುವುದನ್ನೇ ಬಿಡುತ್ತಾರೆ ಅಂದರೆ ನೀವು ನಂಬಲ್ಲ, ಅಲ್ವಾ? ನಂಬಿ. ನಾನೇ ಸಾಕ್ಷಿ.

ಈಗ ಕೆಲವರು ಹೇಳುವುದು ಗೊತ್ತು. ಒತ್ತಾಯ ಮಾಡಿ ನೀಡುವುದು ನಮ್ಮ ಕಡೆ ಪದ್ಧತಿ, ಮೊದಲ ಸಲ ಬೇಡ ಅನ್ನುವುದು ಸಂಕೋಚಕ್ಕೆ, ಬಾಯಿಮಾತಿಗೆ ಬೇಡ ಅಂದವರನ್ನು ಹಾಗೇ ಬಿಟ್ಟರೆ ಬೀಗರು ಜೀವನಪೂರ್ತಿ ಎತ್ತಿ ಆಡುತ್ತಾರೆ ಅಂತ. ಒಪ್ಪುತ್ತೇನೆ, ನನ್ನ ಅಮ್ಮನೂ ಹಾಗೇ ನೀಡುತ್ತಿದ್ದಳು. ಆದರೆ ಸಂಕೋಚದ ಬೇಡಕ್ಕೂ ನಿಜವಾದ ಬೇಡಕ್ಕೂ ವ್ಯತ್ಯಾಸ ಕಾಣದಷ್ಟು ನಮ್ಮ ಹೆಣ್ಣುಮಕ್ಕಳು ದಡ್ಡರಲ್ಲ. ಇನ್ನೊಂದು ಸಲ ಕೇಳಿ, ಯಾರೂ ಬೇಡ ಅನ್ನಲ್ಲ. ಶುಗರ್ ಅಂದ ಮೇಲೆ, ಕೈ ಅಡ್ಡ ಬಂದ ಮೇಲೆ, ಮುಂದಿನ ಎಲೆಗೆ ಹೋಗಿ. ಅಷ್ಟು ಮಾಡಿದರೆ ಯಾವ ಪದ್ಧತಿಯೂ ಕೆಡುವುದಿಲ್ಲ.

"ನಮ್ಮ ಹಿರಿಯರು ಹತ್ತು ಹೋಳಿಗೆ ತಿಂದು ಗಟ್ಟಿಯಾಗಿದ್ದರು" ಅನ್ನುವವರಿಗೂ ಒಂದು ಮಾತು. ನಿಮ್ಮ ಹಿರಿಯರು ವರ್ಷಕ್ಕೆ ಎಷ್ಟು ಸಲ ಹೋಳಿಗೆ ತಿನ್ನುತ್ತಿದ್ದರು? ಬೆಳಿಗ್ಗೆಯಿಂದ ಸಂಜೆವರೆಗೆ ಹೊಲದಲ್ಲಿ ಇರುತ್ತಿದ್ದರು. ಉಳಿದ ದಿನ ಜೋಳದ ರೊಟ್ಟಿ, ಚಿತ್ರದುರ್ಗದ ಕಡೆ ರಾಗಿ ಮುದ್ದೆ, ನವಣೆ ಅನ್ನ. ಭದ್ರಾ ನಾಲೆ ನೀರು ಬಂದು ಈ ಸೀಮೆಯಲ್ಲಿ ಭತ್ತ ಹೆಚ್ಚಿದ ಮೇಲೆ ನಮ್ಮ ತಟ್ಟೆಗೆ ಮೂರು ಹೊತ್ತೂ ಅಕ್ಕಿ ಬಂತು. ನಾವು ಹೊಲ ಬಿಟ್ಟು ಕುರ್ಚಿ ಮೇಲೆ ಕೂತೆವು. ಇನ್ನು ಆ ಕಾಲದಲ್ಲಿ ಹಳ್ಳಿಯಲ್ಲಿ ಯಾರು ರಕ್ತ ಪರೀಕ್ಷೆ ಮಾಡಿಸುತ್ತಿದ್ದರು? ಕಾಲಿನ ಗಾಯ ಮಾಯದೇ ಹೋದವರು, ಕಣ್ಣು ಮಂಜಾಗಿ ಮೂಲೆ ಹಿಡಿದವರು ಎಲ್ಲ ಮನೆಯಲ್ಲೂ ಇದ್ದರು, ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನರಿಗೆ ಮಧುಮೇಹ ಇದೆ, ಇನ್ನೂ 13 ಕೋಟಿಗೂ ಜಾಸ್ತಿ ಜನ ಅದರ ಅಂಚಿನಲ್ಲಿದ್ದಾರೆ. ನೀವು ಹಾಸುವ ಪ್ರತಿ ಪಂಕ್ತಿಯಲ್ಲೂ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ.

"ಬೆಲ್ಲದ್ದು ರೀ, ಸಕ್ಕರೆ ಹಾಕಿಲ್ಲ, ಏನಾಗಲ್ಲ" ಅನ್ನುವುದನ್ನೂ ದಯವಿಟ್ಟು ನಿಲ್ಲಿಸಿ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಮೀಟರ್‌ಗೆ ಅದು ಬೆಲ್ಲವೋ ಸಕ್ಕರೆಯೋ ಗೊತ್ತಾಗಲ್ಲ. ಜೇನುತುಪ್ಪವೂ ಅಷ್ಟೇ. "ಬೆಳಿಗ್ಗೆ ಬೇವು ತಿಂದಿದ್ದೀರಲ್ಲ, ಸರಿಹೋಗುತ್ತೆ" ಅಂತಲೂ ಮೊನ್ನೆ ಒಬ್ಬರು ಹೇಳಿದರು. ಎರಡು ಬೇವಿನ ಹೂವು ಎರಡು ಹೋಳಿಗೆಯನ್ನು ಇಳಿಸಲ್ಲ.

ಇನ್ನು ರಾತ್ರಿಯ ಮಂಡಕ್ಕಿ. ದಾವಣಗೆರೆಯವರಿಗೆ ಇದನ್ನು ಹೇಳಲು ನನಗೇ ಕಷ್ಟ ಆಗುತ್ತೆ. ಮಧ್ಯಾಹ್ನ ಜಾಸ್ತಿ ಆಯ್ತು, ರಾತ್ರಿಗೆ ಸುಮ್ನೆ ಹಗುರಾಗಿ ಮಂಡಕ್ಕಿ ಮೆಣಸಿನಕಾಯಿ ಸಾಕು ಅಂತೀವಿ. ಕೈಗೆ ಹಗುರ, ನಿಜ. ಆದರೆ ಮಂಡಕ್ಕಿ ಬಲು ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುವ ಪದಾರ್ಥ, ಶುಗರ್ ಇರುವವರು ಅದನ್ನು ಊಟದ ಬದಲಿಗೆ ಮೊರ ತುಂಬ ತಿನ್ನಬಾರದು. ನೆಂಟರಿಗೆ ಕೊಡುವುದಾದರೆ ಮಂಡಕ್ಕಿ ಕಡಿಮೆ ಮಾಡಿ ಶೇಂಗಾ, ಮೊಳಕೆ ಕಾಳು, ಸೌತೆಕಾಯಿ ಜಾಸ್ತಿ ಹಾಕಿ ಕೊಡಿ.

ಕೊನೆಗೆ ಊಟದ ಹೊತ್ತು. ಇದೂ ಒತ್ತಾಯವೇ, ನೀಡಿ ಮಾಡುವುದರ ಬದಲು ಕಾಯಿಸಿ ಮಾಡುವುದು. ಪೂಜೆ, ನೈವೇದ್ಯ, ಬರಬೇಕಾದವರು ಬಂದಿಲ್ಲ ಅಂತ ಎಲೆ ಹಾಕುವಾಗ ಮೂರು ಗಂಟೆ. ಮಾತ್ರೆ ನುಂಗಿ, ಇನ್ಸುಲಿನ್ ಹಾಕಿಕೊಂಡು ಊಟಕ್ಕೆ ಕೂತಿರುವ ಹಿರಿಯರು ಬಾಯಿಬಿಟ್ಟು ಕೇಳಲ್ಲ, ದೇವರ ಊಟ ಅಲ್ವಾ ಅಂತ ಸುಮ್ನೆ ಇರುತ್ತಾರೆ. ಅವರ ಶುಗರ್ ಇಳಿಯುತ್ತಾ ಹೋಗುತ್ತೆ. ಮೈ ಬೆವರಿ, ಕೈ ನಡುಗಿ, ಸುಮ್ನೆ ಸುಮ್ನೆ ಸಿಟ್ಟು ಮಾಡಿಕೊಳ್ಳುತ್ತಿದ್ದರೆ ಮೀಟರ್ ಹಾಕಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಂದು ಸಲ ಕೊಡಿ. ಆಗಲೂ ಹೋಳಿಗೆ ಕೊಡಬೇಡಿ. ಬೇಳೆ, ತುಪ್ಪ ಇರುವುದರಿಂದ ಅದು ನಿಧಾನ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಸೀದಾ ಆಸ್ಪತ್ರೆಗೆ ಕರಕೊಂಡು ಹೋಗಿ.

ಬಸವ ಜಯಂತಿಗೆ ನಮ್ಮ ಮನೆಯಲ್ಲಿ ಊಟ ಇದೆ, ಮಾವನನ್ನೂ ಕರೆದಿದ್ದೇನೆ, ಮೊನ್ನೆ ಹೋಳಿಗೆ ನೀಡಿದವರನ್ನೂ ಕರೆದಿದ್ದೇನೆ. ಅವರಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಪಾಪ ತುಂಬಾ ನೊಂದುಕೊಂಡರು. ಹೋಳಿಗೆ ಚಿಕ್ಕದಾಗಿ ತಟ್ಟಿಸುತ್ತೇನೆ, ತಟ್ಟೆಯಲ್ಲಿ ನಡುವೆ ಇಡುತ್ತೇನೆ, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಿ. ಎರಡು ಥರ ಕೋಸಂಬರಿ ಇರುತ್ತೆ, ಜೋಳದ ರೊಟ್ಟಿ, ಎಣ್ಣೆಗಾಯಿ ಇರುತ್ತೆ. ಎಲೆ ಹಾಕುವುದು ಸರಿಯಾಗಿ ಒಂದು ಗಂಟೆಗೆ. ಮಾತ್ರೆ ತಗೊಳ್ಳುವವರು ಅದಕ್ಕೆ ಸರಿಯಾಗಿ ತಗೊಂಡು ಬನ್ನಿ, ತಡ ಮಾಡಿ ಬಂದವರಿಗೆ ಎರಡನೇ ಪಂಕ್ತಿ.